ಒಡೆದ ನಂಬಿಕೆ ಮತ್ತೆ ಕೂಡೀತೇ?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ಹಬ್ಬಕ್ಕೆ ತವರಿಗೆ ಕಳಿಸಲಿಲ್ಲವೆಂದೋ ಏಳುವ ಜಗಳಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಕೆಲವು ಜಗಳಗಳು ಉಂಡು ಮಲಗಿದರೆ ಮುಗಿಯುವಂಥವಲ್ಲ. ಅಂಥ ಮನೆಯಲ್ಲಿ ಊಟವೂ ಸೇರುವುದಿಲ್ಲ, ನಿದ್ದೆಯೂ ಹತ್ತುವುದಿಲ್ಲ.

ಶಿಡ್ಲಘಟ್ಟದಲ್ಲಿ ಒಂದು ಮನೆ ಎಂದುಕೊಳ್ಳಿ. ಗಂಡನದು ರೇಷ್ಮೆ ನೂಲು ಬಿಚ್ಚುವ ಕಸುಬು. ಬೆಳಿಗ್ಗೆ ಎದ್ದರೆ ಗೂಡು ಮಾರುಕಟ್ಟೆ, ಆಮೇಲೆ ಸಂಜೆಯವರೆಗೆ ಯಂತ್ರದ ಮುಂದೆ. ಮದುವೆಯಾಗಿ ಹನ್ನೆರಡು ವರ್ಷ, ಇಬ್ಬರು ಮಕ್ಕಳು. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಫೋನ್ ಸದ್ದಾಗುತ್ತದೆ. ಹೆಂಡತಿ ಎತ್ತಿ ನೋಡಿದರೆ ಬೇರೊಬ್ಬ ಹೆಂಗಸಿನ ಸಂದೇಶ. ‘ಏನೂ ಇಲ್ಲ ಬಿಡೇ’ ಎನ್ನುತ್ತಾನೆ ಗಂಡ. ವಾರ ಕಳೆದ ಮೇಲೆ ‘ಮಾತಾಡ್ತಿದ್ದೆ ಅಷ್ಟೇ’ ಎನ್ನುತ್ತಾನೆ. ತಿಂಗಳಾದ ಮೇಲೆ ಉಳಿದದ್ದು ಹೊರಬೀಳುತ್ತದೆ. ಗೌರಿಬಿದನೂರಿನಲ್ಲಿ ಇನ್ನೊಂದು ಮನೆ ಎಂದುಕೊಳ್ಳಿ. ಅಲ್ಲಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು ಹೆಂಡತಿ. ಸಹೋದ್ಯೋಗಿಯೊಡನೆ ಬೆಳೆದ ಸಲಿಗೆ ಗಂಡನಿಗೆ ಗೊತ್ತಾಗಿದೆ. ಅವನು ಯಾರಿಗೂ ಹೇಳಿಲ್ಲ. ಸಂಜೆಯಾದರೆ ಕುಡಿಯುತ್ತಾನೆ, ಅಷ್ಟೇ.

ಇವು ಯಾರದೋ ಮನೆಯ ನಿಜ ಕಥೆಗಳಲ್ಲ, ಉದಾಹರಣೆಗಾಗಿ ಕಟ್ಟಿದವು. ಆದರೆ ಇಂಥವು ನಡೆಯದ ಊರಿಲ್ಲ. ‘ಇನ್ನು ಈ ಸಂಸಾರ ಉಳಿದೀತೇ? ಉಳಿದರೂ ಮೊದಲಿನ ನಂಬಿಕೆ ಬಂದೀತೇ?’ ಎಂಬ ಪ್ರಶ್ನೆ ಎರಡೂ ಮನೆಗಳಲ್ಲಿದೆ. ಬರಬಹುದು ಎನ್ನುತ್ತದೆ ಮನೋವೈದ್ಯಶಾಸ್ತ್ರ. ಆದರೆ ಅದು ಆಣೆ ಪ್ರಮಾಣದಿಂದ ಬರುವುದಿಲ್ಲ, ಕಾವಲಿನಿಂದಲೂ ಬರುವುದಿಲ್ಲ. ಪೂರ್ತಿ ಹೇಳಿದ ಸತ್ಯದಿಂದ ಮತ್ತು ದಿನದಿನವೂ ಉಳಿಸಿಕೊಂಡ ಸಣ್ಣ ಮಾತುಗಳಿಂದ ಬರುತ್ತದೆ. ಅದಕ್ಕೊಂದು ಕ್ರಮ ಹಾಕಿಕೊಡುವುದೇ ದಂಪತಿ ಚಿಕಿತ್ಸೆಯ ಕೆಲಸ.

ಇದು ಹುಚ್ಚಲ್ಲ, ಪೆಟ್ಟು

ಮೋಸ ಗೊತ್ತಾದ ಮೊದಲ ವಾರಗಳಲ್ಲಿ ನೊಂದವರಿಗೆ ಆಗುವುದೇನು? ನಿದ್ದೆ ಹಾರಿಹೋಗುತ್ತದೆ. ಹಸಿವು ಸಾಯುತ್ತದೆ. ಎದೆ ಡವಗುಟ್ಟುತ್ತದೆ. ಬೇಡವೆಂದರೂ ಅದೇ ಚಿತ್ರಗಳು ಕಣ್ಣಮುಂದೆ ಬರುತ್ತವೆ. ಕೇಳಿದ ಪ್ರಶ್ನೆಯನ್ನೇ ಹತ್ತು ಸಲ ಕೇಳುತ್ತಾರೆ. ಒಂದು ಗಳಿಗೆ ಸಿಟ್ಟು, ಮರುಗಳಿಗೆ ಅಳು. ‘ನನಗೇನು ಹುಚ್ಚು ಹಿಡಿಯುತ್ತಿದೆಯೇ’ ಎಂದು ಅವರೇ ಹೆದರುತ್ತಾರೆ.

ಇದು ಹುಚ್ಚಲ್ಲ. ದೊಡ್ಡ ಅಪಘಾತದಿಂದ ಪಾರಾಗಿ ಬಂದವರಲ್ಲೂ ಇಂಥ ಲಕ್ಷಣಗಳೇ ಕಾಣುತ್ತವೆ. ನೆಮ್ಮದಿಯ ಜಾಗ ಎಂದುಕೊಂಡಿದ್ದ ಕಡೆಯಿಂದಲೇ ಪೆಟ್ಟು ಬಿದ್ದಾಗ ಮಿದುಳು ಸದಾ ಎಚ್ಚರದ ಸ್ಥಿತಿಯಲ್ಲಿ ಉಳಿದುಬಿಡುತ್ತದೆ. ಹೆಚ್ಚಿನವರಲ್ಲಿ ಇದು ಕ್ರಮೇಣ ತಗ್ಗುತ್ತದೆ. ಎರಡು ವಾರ ದಾಟಿದರೂ ಊಟ, ನಿದ್ದೆ, ಕೆಲಸ ಯಾವುದೂ ಸಾಗದಿದ್ದರೆ ಅದು ಖಿನ್ನತೆಯ ಕಾಯಿಲೆಯಾಗಿರಬಹುದು. ವೈದ್ಯರಿಗೆ ತೋರಿಸಲೇಬೇಕು.

ತಪ್ಪು ಮಾಡಿದವರ ಮನಸ್ಸೂ ನೆಟ್ಟಗಿರುವುದಿಲ್ಲ. ನಾಚಿಕೆ, ಭಯ, ಊರಿಗೆ ಗೊತ್ತಾದರೆ ಗತಿಯೇನೆಂಬ ಆತಂಕ. ಇಬ್ಬರಲ್ಲಿ ಯಾರ ಬಾಯಲ್ಲಾದರೂ ‘ನಾನು ಇರುವುದೇ ಬೇಡ’ ಎಂಬ ಮಾತು ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ 14416 ಸಂಖ್ಯೆಗೆ ಕರೆ ಮಾಡಿ.

ಮನೆಮದ್ದುಗಳ ಮಿತಿ

ನಮ್ಮ ಊರುಗಳಲ್ಲಿ ಇಂಥ ವಿಷಯ ಹೊರಬಿದ್ದರೆ ಮೊದಲು ಹಿರಿಯರು ಸೇರುತ್ತಾರೆ. ಗಂಡಸಿನ ತಪ್ಪಾದರೆ ‘ಗಂಡಸು ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಕಣಮ್ಮ, ಮಕ್ಕಳ ಮುಖ ನೋಡಿ ಸಹಿಸ್ಕೋ’ ಎಂಬ ಬುದ್ಧಿವಾದ. ಹೆಂಗಸಿನ ತಪ್ಪಾದರೆ ಸೀದಾ ತವರಿನ ದಾರಿ. ಒಂದೇ ತಪ್ಪಿಗೆ ಎರಡು ತಕ್ಕಡಿ. ಕೊನೆಗೆ ದೇವರ ಮುಂದೆ ಕರ್ಪೂರ ಹಚ್ಚಿಸಿ ‘ಇನ್ನು ಮೇಲೆ ಹೀಗೆ ಮಾಡಲ್ಲ’ ಎಂದು ಆಣೆ ಇಡಿಸುತ್ತಾರೆ. ‘ಇವತ್ತಿಗೆ ಮರೆತುಬಿಡಿ’ ಎಂದು ಎಲ್ಲರೂ ಎದ್ದು ಹೋಗುತ್ತಾರೆ.

ಹಿರಿಯರ ಉದ್ದೇಶ ಒಳ್ಳೆಯದೇ. ಕೂಗಾಟ ತಣಿಸಲು, ಹೊಡೆತ ಬಡಿತ ತಡೆಯಲು ಅವರು ಬೇಕು. ಆದರೆ ಆಣೆಯಿಂದ ಮುಂದಿನ ಮಾತು ಬಂತೇ ಹೊರತು ಹಿಂದೆ ನಡೆದದ್ದಕ್ಕೆ ಉತ್ತರ ಸಿಗಲಿಲ್ಲ. ನೊಂದವರ ಪ್ರಶ್ನೆಗಳು ಹಾಗೇ ಉಳಿದವು. ‘ಮರೆತುಬಿಡು’ ಎಂದಾಗ ಅವರು ಮರೆಯುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತಾರೆ. ನುಂಗಿಕೊಂಡ ಆ ಪ್ರಶ್ನೆಗಳು ಮೂರು ವರ್ಷದ ಮೇಲೆ ತಲೆನೋವಾಗಿಯೋ, ಹೊಟ್ಟೆಯುರಿಯಾಗಿಯೋ, ಮಕ್ಕಳ ಮೇಲಿನ ಸಿಡುಕಾಗಿಯೋ ಹೊರಬರುತ್ತವೆ. ಜೊತೆಗೆ, ಹತ್ತು ಜನರ ಮುಂದೆ ನಿಂತು ತಪ್ಪೊಪ್ಪಿಕೊಂಡವರಲ್ಲಿ ಪಶ್ಚಾತ್ತಾಪಕ್ಕಿಂತ ಅವಮಾನವೇ ಹೆಚ್ಚು ಉಳಿಯುತ್ತದೆ.

ಚಿಕಿತ್ಸೆಯಲ್ಲಿ ನಡೆಯುವುದೇನು?

ದಂಪತಿ ಚಿಕಿತ್ಸೆ ಎಂದರೆ ಮಾತ್ರೆ, ಇಂಜೆಕ್ಷನ್ ಅಲ್ಲ. ತರಬೇತಾದ ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿ ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ದಂಪತಿಯನ್ನು ಕೂರಿಸಿ ನಡೆಸುವ ಮಾತುಕತೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಒಂದು ಗಂಟೆ. ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸುವುದು ವಾಡಿಕೆ. ಅಲ್ಲಿ ಯಾರೂ ತೀರ್ಪು ಕೊಡುವುದಿಲ್ಲ. ‘ನೀವು ಕೂಡಿ ಬಾಳಲೇಬೇಕು’ ಎಂದು ಒತ್ತಾಯಿಸುವುದೂ ಇಲ್ಲ.

ಅಮೆರಿಕದ ಮನೋವಿಜ್ಞಾನಿಗಳಾದ ಡಗ್ಲಸ್ ಸ್ನೈಡರ್, ಡೊನಾಲ್ಡ್ ಬಾಕಮ್ ಮತ್ತು ಕ್ರಿಸ್ಟಿನಾ ಗಾರ್ಡನ್ ದ್ರೋಹದ ನಂತರದ ಚಿಕಿತ್ಸೆಯನ್ನು ಮೂರು ಹಂತಗಳಾಗಿ ವಿಂಗಡಿಸಿದ್ದಾರೆ. ಈ ಹಂತಗಳನ್ನು ತಿಳಿದಿದ್ದರೆ ನಿಮ್ಮ ಮನೆಯಲ್ಲಿ ಅಥವಾ ಬಂಧುಗಳಲ್ಲಿ ಇಂಥ ಸಂದರ್ಭ ಬಂದಾಗ ದಾರಿ ಸ್ವಲ್ಪ ಕಾಣುತ್ತದೆ.

ಮೊದಲನೆಯದು ರಕ್ತ ನಿಲ್ಲಿಸುವ ಹಂತ. ಹೊರಗಿನ ಸಂಬಂಧ ನಿಲ್ಲಬೇಕು. ‘ನಿಧಾನವಾಗಿ ಬಿಡುತ್ತೇನೆ’ ಎಂಬುದು ನಡೆಯದು. ಆ ವ್ಯಕ್ತಿ ಅದೇ ಕಾರ್ಖಾನೆಯಲ್ಲೋ ಮಂಡಿಯಲ್ಲೋ ಇದ್ದರೆ ಕೆಲಸದ ಮಾತಿಗಷ್ಟೇ ಸೀಮಿತವಾಗಬೇಕು, ಎದುರಾದದ್ದನ್ನು ಅಂದೇ ಮನೆಯಲ್ಲಿ ಹೇಳಬೇಕು. ರಾತ್ರಿಯಿಡೀ ವಿಚಾರಣೆ ನಡೆಸುವ ಬದಲು ದಿನಕ್ಕೆ ಅರ್ಧ ಗಂಟೆ, ಮಕ್ಕಳಿಲ್ಲದ ಹೊತ್ತು ಗೊತ್ತುಮಾಡಿಕೊಂಡು ಆಗಷ್ಟೇ ಆ ವಿಷಯ ಮಾತಾಡಿ ಎಂದು ಚಿಕಿತ್ಸಕರು ಸೂಚಿಸುತ್ತಾರೆ. ಸಿಟ್ಟು ಮೀರಿದರೆ ಮಾತು ನಿಲ್ಲಿಸಿ, ಎಷ್ಟು ಹೊತ್ತಿಗೆ ಮುಂದುವರಿಸುತ್ತೇವೆಂದು ಹೇಳಿ ಏಳಬೇಕು. ದುಡುಕಿನಲ್ಲಿ ವಿಚ್ಛೇದನ, ಆಸ್ತಿ ಭಾಗ, ಊರು ಬಿಡುವುದು ಮುಂತಾದ ದೊಡ್ಡ ನಿರ್ಧಾರಗಳನ್ನು ಮಾಡಬಾರದು.

ಎರಡನೆಯದು ‘ಏಕೆ ಹೀಗಾಯಿತು’ ಎಂದು ಅರಿಯುವ ಹಂತ. ಇಲ್ಲಿ ಇಬ್ಬರ ಬದುಕೂ ಚರ್ಚೆಗೆ ಬರುತ್ತದೆ. ವರ್ಷಗಟ್ಟಲೆ ಮಾತಿಲ್ಲದ ಮನೆ, ಸಾಲದ ಹೊರೆ, ಹೆರಿಗೆಯ ನಂತರ ಬೆಳೆದ ದೂರ, ಕುಡಿತ, ಹೊರಗೆ ಸಿಕ್ಕ ಹೊಗಳಿಕೆ ಹೀಗೆ ಏನಾದರೂ ಇರಬಹುದು. ಆದರೆ ಒಂದು ಮಾತು ನೆನಪಿರಲಿ. ಕಾರಣ ಹೇಳುವುದು ಬೇರೆ, ನೆಪ ಹೇಳುವುದು ಬೇರೆ. ದಾಂಪತ್ಯ ಸೊರಗಿದ್ದಕ್ಕೆ ಇಬ್ಬರೂ ಹೊಣೆಯಿರಬಹುದು. ಮೋಸ ಮಾಡುವ ನಿರ್ಧಾರಕ್ಕೆ ಮಾತ್ರ ಅದನ್ನು ಮಾಡಿದವರೇ ಹೊಣೆ. ‘ನೀನು ಸರಿಯಿದ್ದಿದ್ದರೆ ನಾನೇಕೆ ಹೋಗುತ್ತಿದ್ದೆ’ ಎಂಬ ಒಂದು ಮಾತು ತಿಂಗಳುಗಳ ಪ್ರಯತ್ನವನ್ನು ನೀರುಪಾಲು ಮಾಡಬಲ್ಲದು.

ಮೂರನೆಯದು ಮುಂದಿನ ದಾರಿಯ ನಿರ್ಧಾರ. ಕೂಡಿ ಬಾಳುವುದೋ, ಗೌರವದಿಂದ ಬೇರೆಯಾಗುವುದೋ ಎಂಬುದನ್ನು ದಂಪತಿಯೇ ತೀರ್ಮಾನಿಸುತ್ತಾರೆ. ಕ್ಷಮೆಯ ಮಾತು ಬರುವುದು ಇಲ್ಲಿ. ಕ್ಷಮೆಯೆಂದರೆ ಮರೆವಲ್ಲ, ನಡೆದದ್ದು ಸರಿಯೆಂಬ ಒಪ್ಪಿಗೆಯೂ ಅಲ್ಲ. ಆ ತಪ್ಪನ್ನು ಪ್ರತಿ ಜಗಳದಲ್ಲೂ ಕತ್ತಿಯಂತೆ ಹಿಡಿಯುವುದನ್ನು ಬಿಡುವುದು. ಅದಕ್ಕೆ ಅವಸರಪಡಿಸುವ ಹಕ್ಕು ಯಾರಿಗೂ ಇಲ್ಲ, ತಪ್ಪು ಮಾಡಿದವರಿಗಂತೂ ಇಲ್ಲವೇ ಇಲ್ಲ.

ಗುಟ್ಟು ಉಳಿದರೆ

ಚಿಕಿತ್ಸೆಯಿಂದ ಫಲವಿದೆಯೇ ಎಂದು ನೀವು ಕೇಳಬಹುದು. ಅಮೆರಿಕದ ಲಾಸ್ ಏಂಜಲೀಸ್ ಮತ್ತು ಸಿಯಾಟಲ್ ನಗರಗಳಲ್ಲಿ ತೀವ್ರ ವಿರಸದಲ್ಲಿದ್ದ 134 ದಂಪತಿಗಳಿಗೆ ಗರಿಷ್ಠ 26 ಬಾರಿ ಚಿಕಿತ್ಸೆ ಕೊಟ್ಟು, ಐದು ವರ್ಷ ಅವರನ್ನು ಗಮನಿಸಲಾಯಿತು. ಅವರಲ್ಲಿ 19 ದಂಪತಿಗಳಲ್ಲಿ ದ್ರೋಹ ನಡೆದಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ದ್ರೋಹವಿಲ್ಲದ ದಂಪತಿಗಳಲ್ಲಿ ಶೇ 23ರಷ್ಟು ಬೇರೆಯಾದರು. ದ್ರೋಹ ನಡೆದಿದ್ದು, ಅದು ಸಂಗಾತಿಗೆ ತಿಳಿದಿದ್ದ ದಂಪತಿಗಳಲ್ಲಿ ಶೇ 43ರಷ್ಟು ಬೇರೆಯಾದರು. ದ್ರೋಹವನ್ನು ಗುಟ್ಟಾಗಿಯೇ ಇಟ್ಟವರಲ್ಲಿ ಬೇರೆಯಾದವರು ಶೇ 80.

ಹತ್ತೊಂಬತ್ತು ಸಣ್ಣ ಸಂಖ್ಯೆ. ಅಮೆರಿಕದ ಸಂಸಾರ ನಮ್ಮ ಸಂಸಾರದಂತಲ್ಲ ಎಂಬುದೂ ನಿಜ. ಆದರೂ ಇದರಲ್ಲಿ ನಮಗೂ ಎರಡು ಪಾಠಗಳಿವೆ. ಗೊತ್ತಾದ ಮೇಲೂ ಅರ್ಧಕ್ಕಿಂತ ಹೆಚ್ಚು ಸಂಸಾರಗಳು ಉಳಿದವು. ಹಾಗೆ ಉಳಿದವರು ದ್ರೋಹವನ್ನೇ ಕಾಣದ ದಂಪತಿಗಳಷ್ಟೇ ತೃಪ್ತಿಯಿಂದ ಇದ್ದರು. ಮನೆ ಮುರಿಯುವುದರಲ್ಲಿ ತಪ್ಪಿಗಿಂತ ಗುಟ್ಟಿನ ಪಾಲು ಕಡಿಮೆಯೇನಲ್ಲ.

ಶಿಡ್ಲಘಟ್ಟದ ನಮ್ಮ ಉದಾಹರಣೆಯನ್ನೇ ನೋಡಿ. ಗಂಡ ಸತ್ಯವನ್ನು ಮೂರು ಕಂತಿನಲ್ಲಿ ಹೇಳಿದ. ಹೆಂಡತಿಯ ಪಾಲಿಗೆ ಅದು ಮೂರು ಬಾರಿ ಬಿದ್ದ ಪೆಟ್ಟು. ಪ್ರತಿ ಕಂತಿನ ನಂತರ ‘ಇನ್ನೂ ಏನು ಬಾಕಿಯಿದೆಯೋ’ ಎಂಬ ಅನುಮಾನ ಬೆಳೆಯಿತು. ಆದ್ದರಿಂದ ಯಾರು, ಎಂದಿನಿಂದ, ಎಲ್ಲಿಯ ತನಕ, ಹಣ ಎಷ್ಟು ಹೋಗಿದೆ, ಈಗ ಮುಗಿದಿದೆಯೇ ಎಂಬ ಪ್ರಶ್ನೆಗಳಿಗೆ ಒಂದೇ ಬಾರಿಗೆ, ಪೂರ್ತಿ ಉತ್ತರ ಬರಬೇಕು. ಚಿಕಿತ್ಸಕರ ಎದುರಿನಲ್ಲಾದರೆ ಇನ್ನೂ ಒಳ್ಳೆಯದು. ಆದರೆ ಹಾಸಿಗೆಯ ವಿವರಗಳನ್ನು ಕೆದಕಿ ಕೇಳಬೇಡಿ. ಅವು ನೋವು ಶಮನ ಮಾಡುವುದಿಲ್ಲ, ಕಣ್ಣಮುಂದೆ ಬರುವ ಚಿತ್ರಗಳಿಗೆ ಬಣ್ಣ ತುಂಬುತ್ತವೆ.

ಕಾವಲು ಬೇರೆ, ನಂಬಿಕೆ ಬೇರೆ

ಗಂಡನ ಫೋನನ್ನು ದಿನಕ್ಕೆ ಇಪ್ಪತ್ತು ಬಾರಿ ತಪಾಸಣೆ ಮಾಡಿದರೆ ನಂಬಿಕೆ ಬರುತ್ತದೆಯೇ? ಇಲ್ಲ. ಏನೂ ಸಿಗದಿದ್ದರೆ ‘ಅಳಿಸಿರಬೇಕು’ ಎನಿಸುತ್ತದೆ. ಹಾಗೆಂದು ತಪ್ಪು ಮಾಡಿದವರು ‘ನನ್ನನ್ನು ನಂಬು’ ಎಂದು ಗದರಿಸುವಂತೆಯೂ ಇಲ್ಲ. ಕೇಳುವ ಮೊದಲೇ ತಾವಾಗಿ ಹೇಳುವುದನ್ನು ರೂಢಿಸಿಕೊಳ್ಳಬೇಕು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲೋಡು ತಡವಾದರೆ ಒಂದು ಕರೆ. ಗೌರಿಬಿದನೂರಿನ ರೈಲು ತಪ್ಪಿದರೆ ಒಂದು ಕರೆ. ಚಿಕ್ಕಬಳ್ಳಾಪುರದಲ್ಲಿ ಹೂವು ಮಾರಿ ಬಂದ ಹಣದ ಲೆಕ್ಕ ಅಂದೇ ಸಂಜೆ. ಏಳಕ್ಕೆ ಬರುತ್ತೇನೆಂದರೆ ಏಳಕ್ಕೆ ಬರುವುದು. ಒಂದೊಂದೂ ಸಣ್ಣದೇ. ಆದರೆ ಒಡೆದ ನಂಬಿಕೆಗೆ ಕೂಡುವ ಜಮೆ ಇದೇ.

ಮೊದಲ ತಿಂಗಳುಗಳಲ್ಲಿ ಫೋನ್, ಹಣ, ಓಡಾಟ ಎಲ್ಲ ತೆರೆದಿಡುವುದು ಒಳ್ಳೆಯದು. ಎಷ್ಟು ದಿನ, ಹೇಗೆ ಕಡಿಮೆ ಮಾಡುವುದು ಎಂಬುದನ್ನು ಚಿಕಿತ್ಸಕರ ಮುಂದೆ ಇಬ್ಬರೂ ಒಪ್ಪಿ ನಿರ್ಧರಿಸಬೇಕು. ಜೀವನಪರ್ಯಂತ ಕಾವಲು ಯಾರಿಗೂ ಹಿತವಲ್ಲ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಒಂದು ವರ್ಷ ಸಾಮಾನ್ಯ, ಕೆಲವರಿಗೆ ಎರಡು. ಚೆನ್ನಾಗಿದ್ದ ದಿನಗಳ ನಡುವೆ ಒಂದು ಹಾಡು, ಒಂದು ಊರಿನ ಹೆಸರು, ವಿಷಯ ತಿಳಿದ ದಿನಾಂಕ ಎಲ್ಲವನ್ನೂ ಮರುಕಳಿಸಬಹುದು. ಆಗ ‘ಮತ್ತೆ ಅದೇ ರಾಮಾಯಣವೇ’ ಎನ್ನದೆ ಪಕ್ಕದಲ್ಲಿ ಕುಳಿತು ಕೇಳುವುದೇ ಮದ್ದು.

ಜೋಡಿ ಚಿಕಿತ್ಸೆ ಯಾವಾಗ ಬೇಡ?

ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಅಪಾಯ. ಅಲ್ಲಿ ಹೇಳಿದ ಸತ್ಯಕ್ಕೆ ಮನೆಯಲ್ಲಿ ಏಟು ಬಿದ್ದೀತು. ಮೊದಲು ರಕ್ಷಣೆ. ಮಹಿಳೆಯರು 181 ಸಹಾಯವಾಣಿಗೆ ಕರೆ ಮಾಡಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ. ಹೊರಗಿನ ಸಂಬಂಧ ಗುಟ್ಟಾಗಿ ಮುಂದುವರಿದಿದ್ದರೆ ಚಿಕಿತ್ಸೆ ಬರೀ ನಾಟಕ. ಕುಡಿತದ ಚಟವಿದ್ದರೆ ಅದಕ್ಕೆ ಮೊದಲು ಚಿಕಿತ್ಸೆಯಾಗಬೇಕು.

ಇನ್ನೊಂದು ಸಂಗತಿ. ಯಾವ ಆಧಾರವೂ ಇಲ್ಲದೆ ಸಂಗಾತಿಯ ಶೀಲವನ್ನು ಶಂಕಿಸುವುದು, ಬಟ್ಟೆ ಪರೀಕ್ಷಿಸುವುದು, ಹಿಂಬಾಲಿಸುವುದು, ಎಷ್ಟು ಸಾಕ್ಷಿ ಕೊಟ್ಟರೂ ಒಪ್ಪದಿರುವುದು. ಇದನ್ನು ಜನ ‘ಸಂಶಯ ಪಿಶಾಚಿ’ ಎನ್ನುತ್ತಾರೆ. ಇದು ಪಿಶಾಚಿಯಲ್ಲ, ಮಾನಸಿಕ ಕಾಯಿಲೆ. ಬಹುಕಾಲದ ಕುಡಿತಗಾರರಲ್ಲೂ ಕಾಣಬರುತ್ತದೆ. ಇಲ್ಲಿ ಸಮಾಧಾನದ ಮಾತು ಸಾಲದು, ಔಷಧ ಬೇಕು. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ ಬಂದೀತು.

ರಕ್ತ ಪರೀಕ್ಷೆ ಮರೆಯಬೇಡಿ

ನಾಚಿಕೆಯಿಂದ ಹೆಚ್ಚಿನವರು ಬಿಟ್ಟುಬಿಡುವ ವಿಷಯವಿದು. ಹೊರಗೆ ದೈಹಿಕ ಸಂಬಂಧ ನಡೆದಿದ್ದರೆ ಇಬ್ಬರೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿ ಗರ್ಭಿಣಿಯಾಗಿದ್ದರಂತೂ ತಡ ಸಲ್ಲದು. ಸೋಂಕು ತಗುಲಿದ ಆರಂಭದಲ್ಲಿ ಪರೀಕ್ಷೆ ‘ಇಲ್ಲ’ ಎಂದು ತೋರಿಸಬಹುದಾದ್ದರಿಂದ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ. ಫಲಿತಾಂಶವನ್ನು ಗೋಪ್ಯವಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಮಕ್ಕಳು ಮತ್ತು ಕಾನೂನು

‘ಅಪ್ಪ ಯಾರ ಜೊತೆ ಮಾತಾಡ್ತಾರೆ ನೋಡ್ಕೊಂಡು ಬಾ’ ಎಂದು ಮಗುವನ್ನು ಕಳಿಸಬೇಡಿ. ಮಗು ಬೇಹುಗಾರನೂ ಅಲ್ಲ, ನ್ಯಾಯಾಧೀಶನೂ ಅಲ್ಲ. ‘ಅಪ್ಪ ಅಮ್ಮನಿಗೆ ಒಂದು ವಿಷಯದಲ್ಲಿ ಬೇಸರವಾಗಿದೆ, ಸರಿಮಾಡಿಕೊಳ್ಳಲು ನೋಡುತ್ತಿದ್ದೇವೆ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಎಂದಷ್ಟೇ ಹೇಳಿದರೆ ಸಾಕು.

ಪೊಲೀಸ್ ಠಾಣೆಗೆ ಹೋಗಿ ಜೈಲಿಗೆ ಹಾಕಿಸುತ್ತೇನೆ ಎನ್ನುವವರಿದ್ದಾರೆ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ರದ್ದುಪಡಿಸಿದ ಮೇಲೆ ವ್ಯಭಿಚಾರ ಶಿಕ್ಷಾರ್ಹ ಅಪರಾಧವಲ್ಲ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ಅದು ಈಗಲೂ ವಿಚ್ಛೇದನಕ್ಕೆ ಕಾರಣ. ವಿಚ್ಛೇದನ ಕೇಳಿ ಬಂದವರನ್ನೂ ಸಾಧ್ಯವಿರುವ ಕಡೆ ರಾಜಿ ಮಾಡಿಸಲು ಯತ್ನಿಸಬೇಕೆಂದು ಅದೇ ಕಾಯ್ದೆ, 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಎರಡೂ ವಿಧಿಸುತ್ತವೆ. ನ್ಯಾಯಾಲಯಕ್ಕೆ ಹೋಗಿ ಆ ಮಾತು ಕೇಳುವ ಮುನ್ನ ಚಿಕಿತ್ಸಕರ ಕೊಠಡಿಯಲ್ಲಿ ಕೇಳುವುದು ಲೇಸು.

ಎಲ್ಲಿಗೆ ಹೋಗಬೇಕು?

ಮನೋಚಿಕಿತ್ಸೆಯನ್ನು ಜಿಲ್ಲೆಯ ಜನರ ಬಳಿಗೆ ಒಯ್ಯುವ ಪ್ರಯೋಗ 1985ರಲ್ಲಿ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ನಡೆಯಿತು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವನ್ನು ವಿಚಾರಿಸಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕುಟುಂಬ ಮನೋವೈದ್ಯಕೀಯ ಕೇಂದ್ರವಿದೆ.

‘ಚಿಕ್ಕ ಊರು, ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ನೋಡಿದರೆ?’ ಎಂಬ ಅಳುಕು ಸಹಜ. ಅಂಥವರು ಮನೆಯಿಂದಲೇ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ಹಗಲಿರುಳೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಇನ್ನು ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡಿಸಿಕೊಳ್ಳುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಇದಕ್ಕೆ ಹೊರತು. ಯಾರ ಬಳಿ ಹೋದರೂ ಅವರ ವಿದ್ಯಾರ್ಹತೆ ಕೇಳಲು ಸಂಕೋಚ ಬೇಡ.

ಸಂಗಾತಿ ಬರಲು ಒಪ್ಪದಿದ್ದರೆ? ನೀವೊಬ್ಬರೇ ಹೋಗಿ. ನಿಮ್ಮ ನಿದ್ದೆ, ನಿಮ್ಮ ಮನಸ್ಸು ಸರಿಯಾಗುವುದೂ ಮುಖ್ಯವೇ. ನೀವು ಶಾಂತವಾದುದನ್ನು ಕಂಡು ತಡವಾಗಿ ಜೊತೆಗೂಡುವವರೂ ಇರುತ್ತಾರೆ.

ಎಲ್ಲ ಸಂಸಾರಗಳೂ ಉಳಿಯುತ್ತವೆ ಎಂದು ಯಾವ ವೈದ್ಯರೂ ಮಾತು ಕೊಡಲಾರರು. ಬೇರೆಯಾದರೂ, ಸತ್ಯ ತಿಳಿದು, ಮಕ್ಕಳ ಮುಂದೆ ಪರಸ್ಪರ ಗೌರವ ಉಳಿಸಿಕೊಂಡು ಬೇರೆಯಾಗುವುದು ಸೋಲಲ್ಲ. ಕೂಡಿ ಬಾಳಲು ನಿರ್ಧರಿಸಿದವರು ಮಾತ್ರ ಹಳೆಯ ನಂಬಿಕೆಯೇ ಮರಳಿ ಬರಲೆಂದು ಕಾಯಬಾರದು. ಶಿಡ್ಲಘಟ್ಟದ ರೀಲರ್‌ಗಳನ್ನು ಕೇಳಿ. ಬಿಚ್ಚುವಾಗ ಎಳೆ ಕಡಿಯುವುದು ಅವರಿಗೆ ಹೊಸದಲ್ಲ. ಕಡಿಯಿತೆಂದು ಗೂಡು ಬಿಸಾಡುವುದಿಲ್ಲ, ಕಡಿದೇ ಇಲ್ಲವೆಂದು ನಟಿಸುವುದೂ ಇಲ್ಲ. ತುದಿ ಹುಡುಕಿ ಸೇರಿಸಿ ಮುಂದುವರಿಯುತ್ತಾರೆ. ನಿಮ್ಮ ಮನೆಯಲ್ಲೂ ಮೊದಲು ಬೇಕಾದುದು ಆ ತುದಿ. ಇಂದು ಸಂಜೆ ಮಕ್ಕಳು ಮಲಗಿದ ಮೇಲೆ, ಕೂಗಾಡದೆ, ‘ನಾವಿಬ್ಬರೂ ಒಮ್ಮೆ ಹೋಗಿ ಮಾತಾಡಿ ಬರೋಣ’ ಎಂದು ಒಬ್ಬರು ಹೇಳಿ ನೋಡಿ.